10 ಲಕ್ಷಕ್ಕೆ ಹೊಸ ಸಣ್ಣ ಕಾರಾ, ಹಳೇ ಲಕ್ಷುರಿ ಸೆಡಾನಾ? ಅಡ್ವಾನ್ಸ್ ಕೊಡುವ ಮುಂಚೆ ಹಂತ ಹಂತವಾಗಿ ನೋಡಬೇಕಾದದ್ದು

ಕೈಯಲ್ಲಿ ಹತ್ತು ಲಕ್ಷ ಇದೆ. ಶೋರೂಮಿಗೆ ಹೋದರೆ ಸ್ವಿಫ್ಟ್, ಬಲೆನೊ, ಐ20, ಆಲ್ಟ್ರೋಜ್ ನಿಂತಿವೆ. ರಾತ್ರಿ ಊಟ ಮುಗಿಸಿ ಮೊಬೈಲ್ ತೆಗೆದರೆ ಅದೇ ದುಡ್ಡಿನ ಆಸುಪಾಸಿನಲ್ಲಿ 2014–15ರ ಬಿಎಂಡಬ್ಲ್ಯು 3 ಸೀರೀಸ್, ಆಡಿ ಎ4, ಮರ್ಸಿಡಿಸ್ ಸಿ ಕ್ಲಾಸ್ ಕಾಣಿಸುತ್ತವೆ. ಲೆದರ್ ಸೀಟು, ಸನ್‌ರೂಫ್, ಬಾಗಿಲು ಹಾಕಿದರೆ ಗಟ್ಟಿಯಾದ ಆ ಒಂದು ಶಬ್ದ. ಮನಸ್ಸು ಅಲ್ಲಾಡುವುದು ಸಹಜ ಅಲ್ವಾ?

ನಾನು ಎರಡನ್ನೂ ಓಡಿಸಿದ್ದೇನೆ. ಎಂಟು ವರ್ಷ ಹಳೆಯ ಜರ್ಮನ್ ಸೆಡಾನ್ ಒಂದನ್ನು ತಗೊಂಡು ಮೂರು ವರ್ಷ ಇಟ್ಟುಕೊಂಡಿದ್ದೆ. ಈಗ ಮನೆ ಮುಂದೆ ಇರುವುದು ಸಣ್ಣ ಹ್ಯಾಚ್‌ಬ್ಯಾಕ್. ಆ ಸೆಡಾನ್ ಕೊಟ್ಟ ಖುಷಿ ನಿಜ, ಅದು ಮಾಡಿಸಿದ ಖರ್ಚೂ ನಿಜ. ಆ ಮೂರು ವರ್ಷದಲ್ಲಿ ನನಗೆ ಅರ್ಥವಾದದ್ದು ಇಷ್ಟು: ಹಳೇ ಕಾರಿನ ರೇಟು ಇಳಿದಿರುತ್ತದೆ, ಅದರ ಪಾರ್ಟ್ಸ್ ರೇಟು ಇಳಿದಿರುವುದಿಲ್ಲ. 40 ಲಕ್ಷದ ಕಾರು ನಿಮಗೆ 10 ಲಕ್ಷಕ್ಕೆ ಸಿಗಬಹುದು. ಗ್ಯಾರೇಜಿನವರಿಗೆ ಅದು ಇವತ್ತಿಗೂ 40 ಲಕ್ಷದ ಕಾರೇ. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಹಂತ 1: ಒಂದು ವಾರದ ಓಡಾಟ ಬರೆದಿಡಿ

ಕಾರು ನೋಡಲು ಹೊರಡುವ ಮುಂಚೆ ಒಂದು ವಾರ ನೀವು ಎಲ್ಲೆಲ್ಲಿ ಹೋದಿರಿ, ಎಷ್ಟು ಕಿಲೋಮೀಟರ್, ಯಾವ ರಸ್ತೆ, ಎಲ್ಲಿ ನಿಲ್ಲಿಸಿದಿರಿ ಅಂತ ಬರೆಯಿರಿ. ಅಂದಾಜು ಬೇಡ, ನಿಜವಾಗಿ ಬರೆಯಿರಿ.

ರಾಜಾಜಿನಗರದಿಂದ ಮಾನ್ಯತಾ ಟೆಕ್ ಪಾರ್ಕಿಗೆ ದಿನಾ ಹೋಗಿಬರುವವರು ಗಂಟೆಗಟ್ಟಲೆ ಒಂದನೇ ಗೇರು, ಎರಡನೇ ಗೇರಿನಲ್ಲೇ ಕಳೆಯುತ್ತಾರೆ. ಹಳೇ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ, ಡೀಸೆಲ್ ಎಂಜಿನ್ನಿಗೆ ಇದಕ್ಕಿಂತ ಕೆಟ್ಟ ಬಳಕೆ ಇನ್ನೊಂದಿಲ್ಲ. ನಿಂತು ನಿಂತು ಹೋಗುವ ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಇಜಿಆರ್ ವಾಲ್ವಿನಲ್ಲಿ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ವಾಪಸ್ ಕಳಿಸುವ ಕವಾಟ) ಕೂರುತ್ತದೆ. ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದ್ದರೆ ಅದೂ ಕಟ್ಟಿಕೊಳ್ಳುತ್ತದೆ. ಅದೇ ಕಾರು ವಾರಕ್ಕೆರಡು ಸಲ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿದರೆ ಎಷ್ಟೋ ಆರೋಗ್ಯವಾಗಿರುತ್ತದೆ.

ರಸ್ತೆಯನ್ನೂ ಬರೆಯಿರಿ. ನಿಮ್ಮ ಬೀದಿಯ ಹಂಪ್ ಎಷ್ಟು ಎತ್ತರ ಇದೆ? ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು ಹೇಗಿದೆ? ಸ್ವಿಫ್ಟ್‌ಗೆ 163 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇದೆ, ಚಕ್ರದಿಂದ ಚಕ್ರಕ್ಕೆ ಇರುವ ಉದ್ದವೂ ಕಡಿಮೆ. ಉದ್ದನೆಯ, ತಗ್ಗಾದ ಸೆಡಾನಿನಲ್ಲಿ ನಾಲ್ಕು ಜನ ಕೂತು ನಮ್ಮೂರ ಹಂಪ್ ದಾಟಿದರೆ ಹೊಟ್ಟೆ ಉಜ್ಜುತ್ತದೆ. ನಾನು ದಿನಾ ಹೋಗುತ್ತಿದ್ದ ದಾರಿಯನ್ನೇ ಈ ಒಂದು ಕಾರಣಕ್ಕೆ ಬದಲಾಯಿಸಬೇಕಾಯಿತು.

ಕೊನೆಯದಾಗಿ, ಮನೆಯಲ್ಲಿ ಇದೊಂದೇ ಕಾರಾ? ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳ ಸ್ಕೂಲು, ಊರಿನ ಮದುವೆ ಎಲ್ಲಕ್ಕೂ ಇದೇ ಆದರೆ ಹಳೇ ಲಕ್ಷುರಿ ಕಾರಿನ ಆಸೆಯನ್ನು ಇಲ್ಲಿಗೇ ಬಿಡಿ. ಅದು ಹತ್ತು ದಿನ ಗ್ಯಾರೇಜಿನಲ್ಲಿ ನಿಂತರೂ ಮನೆ ನಡೆಯುತ್ತದೆ ಅನ್ನುವವರು ಮಾತ್ರ ಮುಂದೆ ಯೋಚಿಸಬಹುದು.

ಹಂತ 2: ಐದು ವರ್ಷದ ಲೆಕ್ಕ ಹಾಕಿ

ಇದು ಬೇಸರದ ಕೆಲಸ. ಆದರೆ ನಿರ್ಧಾರ ಆಗುವುದು ಇಲ್ಲೇ. ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ.

ಮೊದಲು ತೆರಿಗೆ. 4 ಮೀಟರಿಗಿಂತ ಉದ್ದ ಇಲ್ಲದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18%ಗೆ ಇಳಿಯಿತು. ಅದಕ್ಕೆ ಮುಂಚೆ 28% ಜೊತೆಗೆ ಸೆಸ್ ಇತ್ತು. ಸಣ್ಣ ಕಾರು ಈಗ ಮೊದಲಿಗಿಂತ ಅಗ್ಗ. ಆದರೆ ಕರ್ನಾಟಕದ ಲೈಫ್ ಟೈಮ್ ಟ್ಯಾಕ್ಸ್ ಜಾಸ್ತಿ. 5ರಿಂದ 10 ಲಕ್ಷದ ಕಾರಿಗೆ 14%, ಅದರ ಮೇಲೆ ಸೆಸ್. ಹಾಗಾಗಿ ಶೋರೂಮಿನವರು ಹೇಳುವ ಬೆಲೆ ಬರೆಯಬೇಡಿ, ಆನ್‌ರೋಡ್ ಬೆಲೆ ಕೇಳಿ ಬರೆಯಿರಿ. ಕರ್ನಾಟಕದಲ್ಲೇ ನೋಂದಣಿಯಾದ ಹಳೇ ಕಾರಿಗೆ ಈ ಟ್ಯಾಕ್ಸ್ ಮೊದಲ ಮಾಲೀಕರೇ ಕಟ್ಟಿರುತ್ತಾರೆ. ಹಳೇ ಕಾರಿನ ಪರವಾಗಿ ಇರುವ ಒಂದು ಒಳ್ಳೇ ಅಂಶ ಇದು.

ಇನ್ಶೂರೆನ್ಸ್‌ನಲ್ಲಿ ಕಡ್ಡಾಯವಾದ ಥರ್ಡ್ ಪಾರ್ಟಿ ಕಂತು ಎಂಜಿನ್ ಸಿಸಿ ಮೇಲೆ ನಿಂತಿದೆ. 2022ರಲ್ಲಿ ನಿಗದಿಯಾದ ದರದಂತೆ 1000ದಿಂದ 1500 ಸಿಸಿಗೆ ವರ್ಷಕ್ಕೆ ₹3,416, 1500 ಸಿಸಿ ಮೇಲ್ಪಟ್ಟರೆ ₹7,897, ಜಿಎಸ್‌ಟಿ ಬೇರೆ. ಈ ವ್ಯತ್ಯಾಸ ದೊಡ್ಡದೇನಲ್ಲ. ಏಟು ಬೀಳುವುದು ಕ್ಲೇಮ್ ಮಾಡುವಾಗ. ಪಾರ್ಟ್ಸ್ ಬೆಲೆಯಲ್ಲಿ ಸವಕಳಿ ಕಳೆಯದೆ ಕೊಡುವ, ನಾವು ಬಂಪರ್ ಟು ಬಂಪರ್ ಅನ್ನುವ ಪಾಲಿಸಿ ಹತ್ತು ವರ್ಷದ ಕಾರಿಗೆ ಸಿಗುವುದು ಕಷ್ಟ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ನಿಮ್ಮ ಜೇಬಿನಿಂದಲೇ. ಲಕ್ಷುರಿ ಕಾರಿನ ಬಂಪರ್, ಗ್ರಿಲ್, ಹೆಡ್‌ಲೈಟ್ ಎಲ್ಲ ಪ್ಲಾಸ್ಟಿಕ್ಕೇ. ಒಂದು ಆಟೊ ಸವರಿಕೊಂಡು ಹೋದರೂ ಬಿಲ್ ನೋಡಿ ಗಾಬರಿಯಾಗುತ್ತದೆ.

ಪೆಟ್ರೋಲ್ ಲೆಕ್ಕ ಸುಲಭ. ವರ್ಷಕ್ಕೆ 10,000 ಕಿಲೋಮೀಟರ್, ಲೀಟರಿಗೆ ₹100 ಅಂತ ಹಿಡಿಯೋಣ. ಸಿಟಿಯಲ್ಲಿ 16 ಮೈಲೇಜ್ ಕೊಡುವ ಸಣ್ಣ ಕಾರಿಗೆ 625 ಲೀಟರ್, ₹62,500. ಅದೇ ಟ್ರಾಫಿಕ್‌ನಲ್ಲಿ 9 ಕೊಡುವ 2 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನಿಗೆ ಸುಮಾರು 1,110 ಲೀಟರ್, ₹1,11,000. ವರ್ಷಕ್ಕೆ ₹48,500 ವ್ಯತ್ಯಾಸ, ಐದು ವರ್ಷಕ್ಕೆ ಎರಡೂಕಾಲು ಲಕ್ಷದ ಮೇಲೆ. ಡೀಸೆಲ್ ಸೆಡಾನ್ ಆದರೆ ಈ ವ್ಯತ್ಯಾಸ ಬಹಳ ಕಡಿಮೆ. ಅದಕ್ಕೇ ಹೆಚ್ಚಿನವರು ಹಳೇ ಡೀಸೆಲ್ ಹುಡುಕುತ್ತಾರೆ.

ಮುಂದೆ ರಿಪೇರಿ. ಸಣ್ಣ ಹೊಸ ಕಾರಿಗೆ ವಾರಂಟಿ ಇದೆ. ಹಳೇ ಸೆಡಾನಿಗೆ ನಾನು ಹೇಳುವ ಲೆಕ್ಕ ಇದು: ಕಾರು ಕೊಂಡ ದಿನವೇ ಅದರ ಬೆಲೆಯ ಐದನೇ ಒಂದು ಭಾಗ ಬೇರೆ ಖಾತೆಯಲ್ಲಿ ಇಡಿ. 10 ಲಕ್ಷದ ಕಾರಿಗೆ 2 ಲಕ್ಷ. ವರ್ಷಾವರ್ಷ ಇನ್ನೊಂದು ಲಕ್ಷ ಸೇರಿಸುತ್ತಾ ಹೋಗಿ. ಇದು ನನ್ನ ಅನುಭವದ ಅಂದಾಜು, ಆದರೆ ಇದಕ್ಕಿಂತ ಕಡಿಮೆ ಇಟ್ಟವರು ಅರ್ಧ ರಿಪೇರಿ ಮಾಡಿಸಿ ಕಾರನ್ನು ಮೂಲೆಗೆ ನಿಲ್ಲಿಸಿದ್ದನ್ನು ನೋಡಿದ್ದೇನೆ. 10 ಲಕ್ಷ ನಿಮ್ಮ ಪೂರ್ತಿ ಬಜೆಟ್ ಆದರೆ, ನೀವು ನೋಡಬೇಕಾದ ಹಳೇ ಕಾರು 8 ಲಕ್ಷದ್ದು.

ಕಡೆಗೆ, ಮಾರುವಾಗ ಎಷ್ಟು ಬರುತ್ತದೆ? ಲಕ್ಷುರಿ ಕಾರಿನ ಬೆಲೆ ಆಗಲೇ ಬಿದ್ದಿದೆ, ಇನ್ನೇನು ಬೀಳುತ್ತದೆ ಅಂತ ಬ್ರೋಕರ್‌ಗಳು ಹೇಳುತ್ತಾರೆ. ಆರ್‌ಸಿ ಹದಿನೈದು ವರ್ಷಕ್ಕೆ ಮಾತ್ರ ಅನ್ನುವುದನ್ನು ಅವರು ಹೇಳುವುದಿಲ್ಲ. 2014ರ ಕಾರಿಗೆ 2029ರಲ್ಲಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ನೋಂದಣಿ ನವೀಕರಿಸಬೇಕು. ಆ ಗಡುವು ಹತ್ತಿರ ಬಂದಂತೆ ಕೊಳ್ಳುವವರು ಕಡಿಮೆ ಆಗುತ್ತಾರೆ. ಐದು ವರ್ಷದ ಹ್ಯಾಚ್‌ಬ್ಯಾಕ್‌ಗಾದರೆ ಊರಲ್ಲೇ ನಾಲ್ಕು ಜನ ಕೇಳುತ್ತಾರೆ.

ಸಾಲ ಮಾಡುವುದಾದರೆ ಇನ್ನೊಂದು ಸಾಲು ಸೇರಿಸಿ. ಹಳೇ ಕಾರಿನ ಸಾಲಕ್ಕೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಸಾಲ ಮಾಡಿ ಹಳೇ ಲಕ್ಷುರಿ ಕಾರು ತಗೊಳ್ಳಲೇಬೇಡಿ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಹಂತ 3: ಕಾರಿಗಿಂತ ಮೊದಲು ಗ್ಯಾರೇಜ್ ಹುಡುಕಿ

ಒಮ್ಮೆ ಹಾಸನಕ್ಕೆ ಹೊರಟಿದ್ದೆವು. ಕುಣಿಗಲ್ ದಾಟುವ ಹೊತ್ತಿಗೆ ಎಂಜಿನ್ ಬಿಸಿಯಾದ ಕೆಂಪು ದೀಪ ಹತ್ತಿತು. ಬದಿಗೆ ನಿಲ್ಲಿಸಿದೆ. ಬಾನೆಟ್ ಕೆಳಗಿಂದ, ಎಂಜಿನ್ ತಣ್ಣಗಿಡುವ ಕೂಲೆಂಟ್ ತೊಟ್ಟಿಕ್ಕುತ್ತಿತ್ತು, ಬೆಲ್ಲದ ಪಾಕದ ಹಾಗೆ ಸಿಹಿ ವಾಸನೆ. ಹತ್ತಿರದ ಮೆಕ್ಯಾನಿಕ್ ಅಣ್ಣ ಒಬ್ಬರು ಬೈಕಿನಲ್ಲಿ ಬಂದು ಟಾರ್ಚ್ ಹಾಕಿ ನೋಡಿದರು. ಬೆರಳುದ್ದದ ಪ್ಲಾಸ್ಟಿಕ್ ಪೈಪು ಸೀಳಿತ್ತು. ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. "ಸಾರ್, ಬೇರೆ ಗಾಡಿ ಆಗಿದ್ರೆ ಏನಾದ್ರೂ ಕಟ್ಟಿ ಕಳಿಸ್ತಿದ್ದೆ. ಇದಕ್ಕೆ ಕೈ ಹಾಕಲ್ಲ, ಟೋ ಮಾಡ್ಸಿ" ಅಂದರು. ಪ್ರಾಮಾಣಿಕ ಮನುಷ್ಯ. ಕಾರು ಬೆಂಗಳೂರಿಗೆ ವಾಪಸ್ ಬಂತು, ನಾವು ಬಸ್ಸಿನಲ್ಲಿ ಹಾಸನಕ್ಕೆ ಹೋದೆವು. ಪೈಪು ಬರಲು ಒಂಬತ್ತು ದಿನ ಹಿಡಿಯಿತು.

ಯುರೋಪಿನ ಕಾರುಗಳಲ್ಲಿ ಕೂಲೆಂಟ್ ಪೈಪು, ಥರ್ಮೋಸ್ಟಾಟಿನ ಹೊರಕವಚ ಮುಂತಾದವು ಹೆಚ್ಚಾಗಿ ಪ್ಲಾಸ್ಟಿಕ್. ಎಂಜಿನ್ನಿನ ಬಿಸಿಗೆ ಎಂಟು ಹತ್ತು ವರ್ಷದಲ್ಲಿ ಅವು ಪೆಡಸಾಗಿ ಸೀಳುತ್ತವೆ. ಇದಕ್ಕೆ ಮದ್ದು ಅಂದರೆ ಗೊತ್ತಿರುವ ಕೈ ಹತ್ತಿರದಲ್ಲಿ ಇರುವುದು. ಆದ್ದರಿಂದ ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟು, ಅದೇ ಬ್ರ್ಯಾಂಡಿನ ಕೆಲಸ ಮಾಡುವ ಒಂದು ಸ್ವತಂತ್ರ ಗ್ಯಾರೇಜ್ ಹುಡುಕಿ. ಅಲ್ಲಿ ನಿಂತಿರುವ ಕಾರುಗಳನ್ನು ನೋಡಿ. ನೀವು ಕೊಳ್ಳಬೇಕೆಂದಿರುವ ಮಾಡೆಲ್ ಎರಡು ಮೂರಾದರೂ ಇರಬೇಕು. ಬ್ರ್ಯಾಂಡಿಗೆ ತಕ್ಕ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಯಂತ್ರ) ಇದೆಯಾ ಅಂತ ಕೇಳಿ. ಎಷ್ಟೋ ಬಿಎಂಡಬ್ಲ್ಯು ಮಾಡೆಲ್‌ಗಳಲ್ಲಿ ಬ್ಯಾಟರಿ ಬದಲಾಯಿಸಿದರೂ ಅದನ್ನು ಕಾರಿನ ಕಂಪ್ಯೂಟರಿಗೆ ತಿಳಿಸಬೇಕು, ಸುಮ್ನೆ ಸ್ಪ್ಯಾನರ್ ಹಿಡಿದರೆ ಆಗುವ ಕೆಲಸ ಅಲ್ಲ.

ಶಿವಮೊಗ್ಗ, ಚಿತ್ರದುರ್ಗ, ರಾಯಚೂರಿನಂಥ ಊರಿನಲ್ಲಿ ಇರುವವರು ಈ ಹಂತದಲ್ಲಿ ನಿಜವಾಗಿ ಯೋಚಿಸಬೇಕು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್ ಟೋ ಮಾಡಿಸುವ ಖರ್ಚಿನಲ್ಲಿ ಸಣ್ಣ ಕಾರಿನ ಹಲವು ಸರ್ವಿಸ್ ಮುಗಿಯುತ್ತದೆ.

ಪಾರ್ಟ್ಸ್ ಬೆಲೆಯನ್ನೂ ಈಗಲೇ ಕೇಳಿ ಬರೆದುಕೊಳ್ಳಿ. ಮುಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್, ಕಂಟ್ರೋಲ್ ಆರ್ಮ್ ಸೆಟ್, ವಾಟರ್ ಪಂಪ್, ನಾಲ್ಕು ಟಯರ್, ಒಂದು ಹೆಡ್‌ಲೈಟ್. ಈ ಐದಕ್ಕೆ ಕೊಟೇಶನ್ ತಗೊಳ್ಳಿ. ಬೆಂಗಳೂರಿನ ಜೆಸಿ ರೋಡಿನ ಅಂಗಡಿಗಳಲ್ಲೂ ವಿಚಾರಿಸಿ. ಸ್ವಿಫ್ಟ್, ಡಿಜೈರ್ ಪಾರ್ಟ್ಸ್ ಅಲ್ಲಿ ಕೇಳಿದ ತಕ್ಷಣ ಕೌಂಟರ್ ಮೇಲೆ ಬರುತ್ತವೆ. ಹಳೇ ಜರ್ಮನ್ ಕಾರಿನ ಪಾರ್ಟಿಗೆ ಆರ್ಡರ್ ಹಾಕಿ ಕಾಯಬೇಕು.

ಹಂತ 4: ಮಾಡೆಲ್‌ನ ಹಳೇ ಕಾಯಿಲೆ ತಿಳಿದುಕೊಳ್ಳಿ

ಪ್ರತಿ ಎಂಜಿನ್ನಿಗೂ ಗೊತ್ತಿರುವ ಒಂದು ಕಾಯಿಲೆ ಇರುತ್ತದೆ. ಬಿಎಂಡಬ್ಲ್ಯು 320ಡಿಯ ಎನ್47 ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ (ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ) ಸವೆಯುವುದು ಪ್ರಪಂಚಕ್ಕೇ ಗೊತ್ತು. ಚೈನ್ ಇರುವುದು ಎಂಜಿನ್ನಿನ ಹಿಂಭಾಗದಲ್ಲಿ, ಹಾಗಾಗಿ ಗೇರ್‌ಬಾಕ್ಸ್ ಅಥವಾ ಎಂಜಿನ್ ಇಳಿಸದೆ ಆ ಕೆಲಸ ಆಗಲ್ಲ. ಆಡಿ ಎ4ನ 2008ರ ನಂತರದ ಪೀಳಿಗೆಯ 2.0 ಟಿಎಫ್‌ಎಸ್‌ಐ ಪೆಟ್ರೋಲ್ ಎಂಜಿನ್ನುಗಳಲ್ಲಿ ಎಂಜಿನ್ ಆಯಿಲ್ ಕುಡಿಯುವ ದೂರು ಇತ್ತು. ಫೋಕ್ಸ್‌ವ್ಯಾಗನ್ ಗುಂಪಿನ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಗೇರ್ ಬದಲಾಯಿಸುವ ಮೆಕಟ್ರಾನಿಕ್ಸ್ ಯೂನಿಟ್ ಕೈಕೊಡುವುದು ಉಂಟು. ಸ್ಪ್ರಿಂಗ್ ಬದಲು ಗಾಳಿಚೀಲದ ಮೇಲೆ ನಿಲ್ಲುವ ಏರ್ ಸಸ್ಪೆನ್ಷನ್ ಇರುವ ದೊಡ್ಡ ಸೆಡಾನ್‌ಗಳನ್ನು ಈ ಬಜೆಟ್‌ನಲ್ಲಿ ಮುಟ್ಟಲೇಬೇಡಿ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದು ಕೂತಿದ್ದರೆ ಖರ್ಚು ಶುರುವಾಯಿತು ಅಂತಲೇ.

ಜರ್ಮನ್ ಹೆಸರೇ ಬೇಕು ಅಂತಿಲ್ಲದಿದ್ದರೆ ಟೊಯೊಟಾ ಕ್ಯಾಮ್ರಿ ಅಥವಾ ಹೋಂಡಾ ಅಕಾರ್ಡ್ ನೋಡಿ. ಕ್ಯಾಮ್ರಿಯನ್ನು ನಮ್ಮ ಬಿಡದಿಯಲ್ಲೇ ಜೋಡಿಸುತ್ತಿದ್ದರು, 2013ರಿಂದ ಹೈಬ್ರಿಡ್ ಕೂಡ. ಪಾರ್ಟ್ಸ್ ಅಗ್ಗ ಅಲ್ಲ, ಆದರೆ ಕೆಡುವುದು ಕಡಿಮೆ. ಹೈಬ್ರಿಡ್ ತಗೊಳ್ಳುವುದಾದರೆ ದೊಡ್ಡ ಬ್ಯಾಟರಿಯ ಆರೋಗ್ಯದ ವರದಿ ಕೇಳದೆ ಮುಂದುವರಿಯಬೇಡಿ.

ಹಂತ 5: ಕಾಗದ ನೋಡಿ

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಇನ್ಶೂರೆನ್ಸ್, ಸಾಲದ ಅಡಮಾನ ಗೊತ್ತಾಗುತ್ತದೆ. ಟ್ರಾಫಿಕ್ ಫೈನ್ ಬಾಕಿ ಇದೆಯಾ ನೋಡಿ, ಮಾರುವವರಿಂದಲೇ ಕಟ್ಟಿಸಿ. ಆರ್‌ಸಿಯಲ್ಲಿ ಸಾಲ ತೋರಿಸುತ್ತಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ದೆಹಲಿ ಕಾರುಗಳ ಬಗ್ಗೆ ಎಚ್ಚರ. ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರು ಓಡಬಾರದು ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಹಳೇ ಲಕ್ಷುರಿ ಡೀಸೆಲ್‌ಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರತೊಡಗಿದವು. ಬೆಲೆ ನೋಡಿ ಮರುಳಾಗಬೇಡಿ. ಇಲ್ಲೇ ಇಟ್ಟುಕೊಳ್ಳುವುದಾದರೆ ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು, ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಿಸಬೇಕು, ಕೆಎ ನಂಬರ್ ಮಾಡಿಸಬೇಕು. ಅದೆಲ್ಲ ಕೂಡಿಸಿದರೆ ಎಷ್ಟೋ ಸಲ ಇಲ್ಲಿಯ ಕಾರೇ ವಾಸಿ.

ಹಂತ 6: ಕಾರನ್ನು ತಣ್ಣಗಿರುವಾಗಲೇ ನೋಡಿ

ಬೆಳಿಗ್ಗೆ ಹೋಗಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿರಿ. ಹೋದ ತಕ್ಷಣ ಮಾಡುವ ಮೊದಲ ಕೆಲಸ, ಬಾನೆಟ್ ಮೇಲೆ ಅಂಗೈ ಇಡುವುದು. ಜಯನಗರದಲ್ಲಿ ಒಂದು ಕಾರು ನೋಡಲು ಆರೂವರೆಗೇ ಹೋಗಿದ್ದೆ. ರಾತ್ರಿಯಿಡೀ ಇಬ್ಬನಿ ಬಿದ್ದು ಪಕ್ಕದ ಕಾರುಗಳ ಮೈಯೆಲ್ಲ ಒದ್ದೆ. ಇದರ ಬಾನೆಟ್ ಮಾತ್ರ ಒಣಗಿತ್ತು, ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಓಡಿಸಿ ಬಿಸಿ ಮಾಡಿಟ್ಟಿದ್ದರು. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಬೇರೇನೂ ನೋಡದೆ "ನಡೀರಿ ಸಾರ್" ಅಂದರು.

ಕಾರು ತಣ್ಣಗಿದ್ದರೆ ಕಿಟಕಿ ಇಳಿಸಿ ಸ್ಟಾರ್ಟ್ ಮಾಡಿಸಿ, ನೀವು ಹೊರಗೆ ನಿಲ್ಲಿ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಬಳೆ ಅಲ್ಲಾಡಿಸಿದಂಥ ಲೋಹದ ಸದ್ದು ಬಂದರೆ ಚೈನ್ ಸಡಿಲವಾಗಿರಬಹುದು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬೆಳಗಿನ ಚಳಿಯಲ್ಲಿ ಬಿಳಿ ಆವಿ ಬಂದು ಬೇಗ ನಿಂತರೆ ಚಿಂತೆ ಇಲ್ಲ. ಬಿಸಿಯಾದ ಮೇಲೂ ಬರುತ್ತಲೇ ಇದ್ದರೆ ಕೂಲೆಂಟ್ ಎಂಜಿನ್ನಿನ ಒಳಗೆ ಹೋಗುತ್ತಿರಬಹುದು.

ಆಮೇಲೆ ಸ್ಕ್ಯಾನರ್ ಹಾಕಿಸಿ. ಎಂಜಿನ್ ಮಾತ್ರ ಅಲ್ಲ, ಗೇರ್‌ಬಾಕ್ಸ್, ಎಬಿಎಸ್, ಏರ್‌ಬ್ಯಾಗ್ ಎಲ್ಲವನ್ನೂ ಓದಿಸಿ. ಒಂದೂ ತಪ್ಪು ತೋರಿಸದಿದ್ದರೆ ಖುಷಿಪಡುವ ಮುಂಚೆ "ರೆಡಿನೆಸ್" ನೋಡಲು ಹೇಳಿ. ಹಿಂದಿನ ದಿನ ತಪ್ಪು ತೋರಿಸುವ ಕೋಡ್ ಅಳಿಸಿದ್ದರೆ ಕಾರು ತನ್ನ ಸ್ವಂತ ಪರೀಕ್ಷೆಗಳನ್ನು ಇನ್ನೂ ಮುಗಿಸಿರುವುದಿಲ್ಲ, ಅಲ್ಲಿ ಅಪೂರ್ಣ ಅಂತ ತೋರಿಸುತ್ತದೆ.

ಮೀಟರ್ ತಿರುಗಿಸಿದ್ದಾರಾ ಅನ್ನುವುದಕ್ಕೆ ಸೀಟಿನ ಬಲ ಅಂಚು, ಸ್ಟಿಯರಿಂಗ್ ಲೆದರ್, ಬ್ರೇಕ್ ಪೆಡಲ್ ರಬ್ಬರ್ ನೋಡಿ. 45,000 ಓಡಿದ ಕಾರಿನ ಪೆಡಲ್ ಸವೆದು ನುಣ್ಣಗಾಗಿರುವುದಿಲ್ಲ. ಕಂಪನಿಯ ಸರ್ವಿಸ್ ಹಿಸ್ಟರಿ ತರಿಸಿ ವರ್ಷವಾರು ಕಿಲೋಮೀಟರ್ ಹೊಂದಿಸಿ.

ನೀರಿನಲ್ಲಿ ಮುಳುಗಿದ ಕಾರು ಇನ್ನೊಂದು ಅಪಾಯ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಔಟರ್ ರಿಂಗ್ ರೋಡ್ ಕಡೆ ಬಂಗಲೆಗಳ ಮುಂದೆ ಲಕ್ಷುರಿ ಕಾರುಗಳು ಮುಳುಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು. ಚೆನ್ನೈನಲ್ಲಿ 2015ರಲ್ಲೂ 2023ರಲ್ಲೂ ಅದೇ ಆಯಿತು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯ ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲೇ ನಿಲ್ಲಿಸಿ. ಸೀಟಿನ ಕೆಳಗಿನ ಹಳಿಯ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಮೂಲೆಯನ್ನೂ ನೋಡಿ.

ಟಯರಿನ ಮೇಲಿನ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ರನ್‌ಫ್ಲ್ಯಾಟ್ ಟಯರ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು) ಇದ್ದು ಸ್ಟೆಪ್ನಿ ಇಲ್ಲದಿದ್ದರೆ ನಾಲ್ಕು ಟಯರಿನ ಬೆಲೆಯನ್ನು ಚೌಕಾಸಿಗೆ ಇಟ್ಟುಕೊಳ್ಳಿ. ಟೆಸ್ಟ್ ಡ್ರೈವ್ ಕನಿಷ್ಠ 20 ಕಿಲೋಮೀಟರ್ ಇರಲಿ. ನಡುವೆ ಒಂದು ಫ್ಲೈಓವರ್ ಏರು, ಒಂದು ಕೆಟ್ಟ ರಸ್ತೆ, ಹತ್ತು ನಿಮಿಷ ಟ್ರಾಫಿಕ್. ಬಿಸಿಯಾದ ಗೇರ್‌ಬಾಕ್ಸ್ ಡಿಯಿಂದ (ಮುಂದೆ) ಆರ್‌ಗೆ (ಹಿಂದೆ) ಹಾಕಿದಾಗ ಜಗ್ಗಬಾರದು.

ಹಂತ 7: ಸಣ್ಣ ಕಾರನ್ನೂ ಅಷ್ಟೇ ಗಂಭೀರವಾಗಿ ಆರಿಸಿ

ಹಳೇ ಸೆಡಾನಿನ ಪರವಾಗಿ ಜನ ಹೇಳುವ ದೊಡ್ಡ ಮಾತು ಸೇಫ್ಟಿ. ಹೈವೇಯಲ್ಲಿ ಒಂದೂವರೆ ಟನ್ ತೂಕದ ಕಾರು ನೆಲಕ್ಕೆ ಅಂಟಿಕೊಂಡು ಹೋಗುವುದು ನಿಜ, ಸಣ್ಣ ಕಾರಿನಲ್ಲಿ ಆ ಧೈರ್ಯ ಬರುವುದಿಲ್ಲ. ಆದರೆ ಸಣ್ಣ ಕಾರುಗಳೂ ಮೊದಲಿನ ಹಾಗಿಲ್ಲ. 2024ರ ಸ್ವಿಫ್ಟ್‌ನಲ್ಲಿ ಎಲ್ಲ ವೇರಿಯಂಟ್‌ಗೂ ಆರು ಏರ್‌ಬ್ಯಾಗ್. ಆಲ್ಟ್ರೋಜ್ 2020ರಲ್ಲೇ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಪರೀಕ್ಷೆಯಲ್ಲಿ 5 ಸ್ಟಾರ್ ಪಡೆಯಿತು, 2024ರ ಡಿಜೈರ್ ಕೂಡ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಸನ್‌ರೂಫ್ ಇರುವ ವೇರಿಯಂಟಿಗೆ ದುಡ್ಡು ಹಾಕುವ ಮುಂಚೆ ಸ್ಟಾರ್ ನೋಡಿ.

ಹೊಸದೂ ಬೇಡ, ಹತ್ತು ವರ್ಷದ್ದೂ ಬೇಡ ಅನ್ನುವವರಿಗೆ ಮೂರು ನಾಲ್ಕು ವರ್ಷದ ಹೋಂಡಾ ಸಿಟಿ, ವೆರ್ನಾ, ಸ್ಲಾವಿಯಾ ಇವೆ. ಡಿಕ್ಕಿ ದೊಡ್ಡದು, ಕೂರಲು ಆರಾಮ, ಸರ್ವಿಸ್ ಸೆಂಟರ್ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತದೆ. ನನ್ನ ತಮ್ಮ ಕೇಳಿದಾಗ ನಾನು ಹೇಳಿದ್ದು ಇದನ್ನೇ.

ಹಂತ 8: ತಗೊಂಡ ಮೊದಲ ತಿಂಗಳು

ಇಷ್ಟೆಲ್ಲ ನೋಡಿಯೂ ಮನಸ್ಸು ಹಳೇ ಸೆಡಾನಿನಲ್ಲೇ ನಿಂತಿದ್ದರೆ, ಎರಡನೇ ಕಾರು ಮನೆಯಲ್ಲಿದ್ದರೆ, ರಿಪೇರಿ ದುಡ್ಡು ಪಕ್ಕಕ್ಕೆ ಇದ್ದರೆ ಖಂಡಿತ ತಗೊಳ್ಳಿ. ಸಂಜೆ ಹೊತ್ತು ಶ್ರೀರಂಗಪಟ್ಟಣದ ಕಡೆಯಿಂದ ವಾಪಸ್ ಬರುವಾಗ ಆ ಕಾರು ಕೊಡುವ ಸಮಾಧಾನ ಬೇರೆಯೇ. ಇವತ್ತಿಗೂ ಅದು ನೆನಪಾಗುತ್ತದೆ.

ಮಾಲೀಕತ್ವ ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಆರ್‌ಸಿಯನ್ನು ಬೇಗ ನಿಮ್ಮ ಹೆಸರಿಗೆ ಮಾಡಿಸಿ, ಇನ್ಶೂರೆನ್ಸನ್ನೂ ವರ್ಗಾಯಿಸಿ. ಮಾರಿದವರು ಏನೇ ಹೇಳಲಿ, ಎಂಜಿನ್ ಆಯಿಲ್, ಎಲ್ಲ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಮೊದಲ ವಾರವೇ ಬದಲಾಯಿಸಿ. ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬರುತ್ತದೆ ಅನ್ನುವ ಮಾತನ್ನು ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಾಯಿಸಿ ಅನ್ನುತ್ತದೆ. ಪೆಟ್ರೋಲ್ ಕಾರಾದರೆ ಟ್ಯಾಂಕ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಓದಿ, ಇ10 ಅಂತಿದೆಯಾ, ಇ20 ಅಂತಿದೆಯಾ (ಪೆಟ್ರೋಲಿನಲ್ಲಿ 10% ಅಥವಾ 20% ಎಥನಾಲ್ ಇದ್ದರೆ ಆಗುತ್ತದೆ ಅನ್ನುವ ಗುರುತು) ನೋಡಿಕೊಳ್ಳಿ. ಎಂಟು ವರ್ಷ ದಾಟಿದ ಕೂಲೆಂಟ್ ಪೈಪುಗಳನ್ನು ಸೀಳುವ ಮುಂಚೆಯೇ ಒಟ್ಟಿಗೆ ಬದಲಾಯಿಸಲು ಗ್ಯಾರೇಜಿನವರಿಗೆ ಹೇಳಿ, ಹಳೇ ಪೈಪುಗಳನ್ನು ನಿಮ್ಮ ಕೈಗೆ ಕೊಡಲು ಕೇಳಿ. ಬೆರಳಲ್ಲಿ ಒತ್ತಿ ನೋಡಿ. ಅವು ಪುಡಿಯಾದರೆ ಉಳಿದ ಪ್ಲಾಸ್ಟಿಕ್ ಭಾಗಗಳನ್ನೂ ಅದೇ ತಿಂಗಳು ಪರೀಕ್ಷೆ ಮಾಡಿಸಿ.